ಶಿವಲೀಲಾಳ ಪೇರಲ

ನಮ್ಮ ಊರಿನಲ್ಲಿ ಒಲೆ ಹೊತ್ತಿರುವಾಗ ಹಣ್ಣಿನ ಪೆಟ್ಟಿಗೆಯ ಹಿಡಿ ಎಳೆಯುವವರನ್ನು ಯಾರೂ ಮದುವೆ ಮುಂಜಿಗೆ ಕರೆಯುವುದಿಲ್ಲ. ಹಿಡಿ ಎಳೆದಾಗ ಒಳಗಿನ ಮೂರು ಗಾಲಿಗಳೂ ತಿರುಗಿ, ಮೂರರಲ್ಲೂ ನಿಂಬೆಹಣ್ಣೇ ಬಂದು ನಿಂತರೆ ಓಣಿಯಲ್ಲಿರುವ ಅಷ್ಟೂ ಬಾಯಿಗಳಲ್ಲಿ ನಿಂಬೆಯ ಹುಳಿ ತುಂಬಿಕೊಳ್ಳುತ್ತದೆ. ಅಂಥ ಬಾಯಿ ಇಟ್ಟುಕೊಂಡು ಯಾವ ಹೆಂಗಸು ಸಾರಿನ ಉಪ್ಪು ಹುಳಿ ನೋಡಿಯಾಳು? ಆದ್ದರಿಂದ ಮಧ್ಯಾಹ್ನದ ಪಾತ್ರೆ ತೊಳೆದು ಬೋರಲು ಹಾಕುವ ತನಕ ಹಿಡಿಗಳಿಗೆ ಬಟ್ಟೆ ಕಟ್ಟಿರಬೇಕು. ಆಮೇಲೆ ಸಂಜೆಯ ಒಲೆ ಹೊತ್ತುವ ತನಕ ಎಷ್ಟು ಬೇಕಾದರೂ ಎಳೆಯಬಹುದು. ಓಣಿಯಲ್ಲಿ ಸಾವಾದರೆ ಆ ಮನೆಯವರು ಮಿಂದು ಮೊದಲ ತುತ್ತು ಉಣ್ಣುವವರೆಗೆ ಯಾರ ಮನೆಯಲ್ಲೂ ಬಟ್ಟೆ ಬಿಚ್ಚುವುದಿಲ್ಲ. ಅಳುವವರ ಬಾಯಿಗೆ ಸಿಹಿ ಬೀಳಬಾರದು. ಕಹಿ ಔಷಧ ಕುಡಿಯದ ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ತಾಯಂದಿರು ಕಿತ್ತಳೆ ಬೀಳುವುದನ್ನೇ ಕಾಯುತ್ತ ನಿಂತಿರುತ್ತಾರೆ. ರುಚಿ ಬಹಳ ಹೊತ್ತು ಇರುವುದಿಲ್ಲ, ಒಂದು ಎಲೆ ಅಡಿಕೆ ಹಾಕಿಕೊಂಡು ಉಗುಳುವಷ್ಟು ಹೊತ್ತು ಇದ್ದು ಹೋಗುತ್ತದೆ.

ಈ ಪೆಟ್ಟಿಗೆಗಳು ಹಿಂದೆ ಕೋಟೆಯ ಆಚೆ ಇದ್ದ ದೊರೆಗಳ ಕ್ಲಬ್ಬಿನವು. ಬೀಡುಕಬ್ಬಿಣದ ಮೈ, ಮುಖಕ್ಕೊಂದು ಗಾಜಿನ ಕಿಟಕಿ, ಪಕ್ಕದಲ್ಲಿ ಹಿಡಿ. ಹಿತ್ತಾಳೆಯ ಬಿಲ್ಲೆ ಹಾಕಿ ಎಳೆಯಬೇಕು. ಕ್ಲಬ್ಬು ಮುಚ್ಚಿದಾಗ ಗುಜರಿಯವರು ತೂಕಕ್ಕೆ ತಂದು ಊರಲ್ಲೆಲ್ಲ ಮಾರಿದರು. ಗಾಲಿಗಳಿಗೆ ಸುತ್ತಿದ ತಗಡಿನ ಪಟ್ಟಿಯ ಮೇಲೆ ಆಗ ಇದ್ದದ್ದು ನಾವು ಕಂಡು ಕೇಳರಿಯದ ಕೆಂಪು ಹಣ್ಣು, ಜೋಡಿ ಜೋಡಿಯಾಗಿ, ತೊಟ್ಟು ಸಮೇತ. ಅದು ಬಿದ್ದರೆ ಕೆಮ್ಮಿನ ಔಷಧ ಕುಡಿದಂತಾಗುತ್ತಿತ್ತಂತೆ. ಹಣ್ಣು ಬರೆದವರ ನಾಲಿಗೆಯಲ್ಲಿ ಯಾವ ರುಚಿ ಕೂತಿರುತ್ತದೋ ಓಣಿಗೆ ಬೀಳುವುದು ಅದೇ ತಾನೆ. ದೊರೆಗಳ ನಾಲಿಗೆ ನಮಗೆ ಒಗ್ಗಲಿಲ್ಲ. ಹಿರಿಯರು ಅದರ ಮೇಲೆ ನಮ್ಮ ಹಣ್ಣುಗಳನ್ನು ಬರೆದುಕೊಂಡರು. ಮೇಲಿನ ಓಣಿಯ ದರ್ಜಿ ಹುಸೇನ್ ಸಾಬರು ಬರೆದ ಮಾವು ಬಿದ್ದರೆ ಇವತ್ತಿಗೂ ತುಟಿಗೆ ಸೊನೆ ತಾಗಿದ ಹಾಗೆ ಚುರುಗುಟ್ಟುತ್ತದೆ. ಹುಡುಗರಾಗಿದ್ದಾಗ ಅವರು ತಿಂದದ್ದೆಲ್ಲ ಕದ್ದ ಮಾವು, ತೊಳೆದು ತಿನ್ನಲು ಪುರುಸೊತ್ತೆಲ್ಲಿತ್ತು.

ನನ್ನ ಹೆಸರು ದಾಕ್ಷಾಯಣಿ. ಕೆಲವರು ಕಸೂತಿ ಹಾಕುತ್ತಾರೆ, ನಾನು ತುಕ್ಕು ತಿಕ್ಕುತ್ತೇನೆ. ಹಾಳುಬಿದ್ದ ಪೆಟ್ಟಿಗೆ ಎಲ್ಲಿದೆ ಎಂದು ಗೊತ್ತಾದರೂ ಸಾಕು, ಅದು ನಮ್ಮ ಮನೆಗೆ ಬಂದೇ ಬರುತ್ತದೆ. ಕೋಳಿಗೂಡಾಗಿದ್ದದ್ದನ್ನು ಕೋಳಿ ಓಡಿಸಿ ತಂದಿದ್ದೇನೆ. ಬಚ್ಚಲ ಕಲ್ಲಿಗೆ ಆನಿಕೆ ಕೊಟ್ಟಿದ್ದದ್ದನ್ನು ಆ ಮನೆಯವರಿಗೆ ಬೇರೆ ಕಲ್ಲು ಹಾಕಿಸಿಕೊಟ್ಟು ಎಬ್ಬಿಸಿಕೊಂಡು ಬಂದಿದ್ದೇನೆ. ಒಂದೊಂದನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಿತ್ತಾಳೆಗೆ ಹುಣಸೆಹಣ್ಣು ಬೂದಿ ತಿಕ್ಕಿ, ಸತ್ತ ಗಡಿಯಾರಗಳ ಸ್ಪ್ರಿಂಗು ತೆಗೆದು ಹಾಕಿ, ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಗಾಲಿ ಮೂರೂ ಒಂದರ ಹಿಂದೆ ಒಂದು ಟಕ್ ಟಕ್ ಟಕ್ ಎಂದು ನಿಲ್ಲುವ ಹಾಗೆ ಮಾಡುವಷ್ಟರಲ್ಲಿ ಒಂದು ಹಬ್ಬ ಬಂದು ಹೋಗಿರುತ್ತದೆ. ನಮ್ಮ ನಡುಮನೆಯಲ್ಲಿ ಕಾಲು ಚಾಚಲು ಜಾಗವಿಲ್ಲ, ಗೋಡೆಗುಂಟ ಅವೇ ನಿಂತಿವೆ. ಬಣ್ಣದ ಕೆಲಸದಲ್ಲಂತೂ ನನ್ನನ್ನು ಮೀರಿಸುವವರಿಲ್ಲ, ಇದ್ದರೆ ತೋರಿಸಲಿ. ಸೀತಾಫಲ ಬರೆಯಬೇಕೆಂದರೆ ವಾರವಿಡೀ ಸೀತಾಫಲವನ್ನೇ ತಿಂದು, ಬೀಜದ ಸುತ್ತಲಿನ ಆ ನುಣುಪು ನಾಲಿಗೆಗೆ ಬಾಯಿಪಾಠವಾದ ಮೇಲೆಯೇ ಕುಂಚ ಹಿಡಿಯುತ್ತೇನೆ. ನನ್ನ ಸೀತಾಫಲ ಬೀಳುವ ಹೊತ್ತಿಗೆ ಪಕ್ಕದ ಓಣಿಯವರು ಏನೋ ಕೆಲಸವಿದ್ದವರ ಹಾಗೆ ನಮ್ಮ ಓಣಿಯಲ್ಲಿ ಅಡ್ಡಾಡುತ್ತಾರೆ.

ನಮ್ಮ ಯಜಮಾನರು ಗುರುಬಸಪ್ಪನವರು ಬೆಲ್ಲದ ಅಡತಿ ಅಂಗಡಿಯಲ್ಲಿ ಬೆಲ್ಲ ನೋಡುವ ಕೆಲಸದವರು. ಒಂದು ಚೂರು ಬಾಯಿಗೆ ಹಾಕಿಕೊಂಡು ಇದು ಯಾವ ಹಳ್ಳದ ಕಬ್ಬು, ಯಾವ ಗಾಣದ್ದು, ಕುದಿಸುವವನು ನಿದ್ದೆಗಣ್ಣಲ್ಲಿ ಇದ್ದನೋ ಇಲ್ಲವೋ ಎಂದು ಹೇಳುತ್ತಿದ್ದರು. ಮನೆಯಲ್ಲೂ ಅದೇ ನಾಲಿಗೆ. ನಾನು ಪುಂಡಿಪಲ್ಲೆ ಮಾಡಿದರೆ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಕಣ್ಣು ತೆರೆದು ನನ್ನನ್ನು ನೋಡಿ, "ಬೆಳ್ಳೊಳ್ಳಿ ಒಂದು ಎಸಳು ಕಡಿಮಿ ಆಗೇತಿ" ಎನ್ನುತ್ತಿದ್ದರು. ಹೌದು, ಕಡಿಮೆಯೇ ಆಗಿರುತ್ತಿತ್ತು. ಜಗತ್ತಿನಲ್ಲಿ ನನ್ನ ಕೈಯಡುಗೆ ಹಾಗೆ ತಿಳಿದು ಉಂಡವರು ಅವರೊಬ್ಬರೇ. ನಮ್ಮ ಸಂಸಾರ ನಡೆದದ್ದೇ ಹಾಗೆ. ಪ್ರೀತಿ ಗೀತಿ ಎಂದು ಬಾಯಿಬಿಟ್ಟು ಹೇಳಿದವರಲ್ಲ ನಾವು.

ಹೋದ ಚಳಿಗಾಲದಲ್ಲಿ ಅವರಿಗೊಂದು ಜ್ವರ ಬಂತು. ಜ್ವರ ಹೋಗುವಾಗ ರುಚಿಯನ್ನೂ ಕರೆದುಕೊಂಡು ಹೋಯಿತು. ಹೋಳಿಗೆ ಕೊಟ್ಟರೂ ಅಷ್ಟೇ, ಗಂಜಿ ಕೊಟ್ಟರೂ ಅಷ್ಟೇ, ಅಗಿದು ನುಂಗಿ ಕೈ ತೊಳೆದು ಏಳುತ್ತಿದ್ದರು. ಅಡತಿಯಲ್ಲಿ ಬಣ್ಣ ನೋಡಿ, ಮುರಿದು ನೋಡಿ ಹೇಗೋ ನಿಭಾಯಿಸುತ್ತಿದ್ದರು. ಮನೆಯಲ್ಲಿ ನಿಭಾಯಿಸುವುದು ಹೇಗೆ? ಒಂದು ದಿನ ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಬಡಿಸಿದೆ. "ಚಲೋ ಆಗೇತಿ" ಎಂದರು. ನಾನು ಹಿತ್ತಲಿಗೆ ಹೋಗಿ ಅತ್ತೆ.

ನನ್ನ ಪೆಟ್ಟಿಗೆಗಳಿರುವುದು ಮತ್ತೇತಕ್ಕೆ ಎಂದುಕೊಂಡು ದಿನಾ ಇಳಿಹೊತ್ತಿಗೆ ಅವರನ್ನು ನಡುಮನೆಯಲ್ಲಿ ಕೂರಿಸಿ ಒಂದಾದ ಮೇಲೊಂದು ಎಳೆದೆ. ದಾಳಿಂಬೆ ಬಿತ್ತು, ಓಣಿಯೆಲ್ಲ ಚಪ್ಪರಿಸಿತು. ಅಂಜೂರ ಬಿತ್ತು. ನೇರಳೆ ಬಿದ್ದಾಗ ಎದುರು ಮನೆಯ ನಿಂಗವ್ವ ನಾಲಿಗೆ ಒಗರಾಯಿತೆಂದು ಬೈದಳು. ಇವರು ಮಾತ್ರ ಗೋಡೆಗೆ ಒರಗಿಕೊಂಡು, "ಬಿಡು, ಕೈ ನೋಯಿಸ್ಕೋಬ್ಯಾಡ" ಎಂದರು. ಸೀತಾಫಲ ಬಿದ್ದ ದಿನ ನಾನು ಅವರ ಮುಖವನ್ನೇ ನೋಡುತ್ತ ನಿಂತಿದ್ದೆ. ಅವರು ಆಕಳಿಸಿದರು.

ಇನ್ನು ಶಿವಲೀಲಾ. ಓಣಿಯ ಕೊನೆಯಲ್ಲಿ ಖಾನಾವಳಿ ನಡೆಸುತ್ತಾಳೆ. ಒಬ್ಬಳೇ ಇರುವವಳು, ನನಗಿಂತ ನಾಲ್ಕಾರು ವರ್ಷ ಚಿಕ್ಕವಳಿರಬೇಕು. ರೊಟ್ಟಿ ತೆಳ್ಳಗೆ ಬಡಿಯುತ್ತಾಳೆ, ಅದನ್ನು ಒಪ್ಪುತ್ತೇನೆ. ಆಕೆಯ ಎಣ್ಣೆಗಾಯಿಯನ್ನು ಊರು ಹೊಗಳುತ್ತದೆ, ಅದನ್ನು ನಾನು ಎಂದೂ ಒಪ್ಪಿಲ್ಲ. ಎಲ್ಲ ದಿನವೂ ಒಂದೇ ಥರ ಇರುತ್ತದೆ ಅದು. ಕೈಯಡುಗೆ ಎಂದ ಮೇಲೆ ಒಂದು ದಿನ ಏರು ಒಂದು ದಿನ ಇಳಿವು ಇರಬೇಡವೇ? ಆಕೆ ಅಡುಗೆ ಮಾಡುವಾಗ ರುಚಿ ನೋಡುವುದಿಲ್ಲವಂತೆ. ದೇವರಿಗೆ ಮುಂಚೆ ತಾನು ಮುಟ್ಟಬಾರದೆಂಬ ಭಕ್ತಿ ಎಂದು ಜನ ಕೈ ಮುಗಿಯುತ್ತಿದ್ದರು. ಆಕೆಯ ಹತ್ತಿರವೂ ಒಂದು ಪೆಟ್ಟಿಗೆ ಇತ್ತು, ಖಾನಾವಳಿಯ ಕಟ್ಟೆಯ ಮೇಲೆ. ಒಂದೇ ಒಂದು. ತುಕ್ಕು ಹಿಡಿದ ಮೈ, ಅಂಟು ಹಚ್ಚಿದ ಗಾಜು, ಪಟ್ಟಿಯ ಮೇಲೆ ಬದನೆಕಾಯಿಯೋ ಹಣ್ಣೋ ತಿಳಿಯದ ಚಿತ್ರಗಳು. ಮೂರು ಒಂದೇ ಬಂದು ನಿಂತರೂ ಯಾರ ಬಾಯಿಗೂ ಏನೂ ಬೀಳುತ್ತಿರಲಿಲ್ಲ. ಊರಲ್ಲಿ ಅದಕ್ಕೆ ಮೂಗಿ ಎಂದೇ ಹೆಸರು.

ನಾನು ತಂಗಿಯ ಮನೆಗೆ ಹೋಗಿದ್ದ ದಿನ ಇವರು ಊಟಕ್ಕೆ ಖಾನಾವಳಿಗೆ ಹೋಗಿದ್ದಾರೆ. ಉಂಡು ಕಟ್ಟೆಯ ಮೇಲೆ ಕೂತು, ಕೈ ಸುಮ್ಮನಿರದೆ ಮೂಗಿಯ ಹಿಡಿ ಎಳೆದಿದ್ದಾರೆ. ನಾನು ಮನೆಗೆ ಬಂದಾಗ ಬಾಗಿಲಲ್ಲೇ ನಿಂತಿದ್ದರು. ಮುಖ ನೋಡಿ ಅಡತಿಯಲ್ಲಿ ಏನೋ ಆಗಿದೆ ಎಂದುಕೊಂಡೆ.

"ಪೇರಲ ಬಂತು," ಎಂದರು.

"ಯಾರ ಮನ್ಯಾಗ?"

"ಬಾಯಾಗ. ಹಣ್ಣಾಗಾಕ ಇನ್ನೊಂದಿನ ಐತಿ ಅನ್ನೋ ಪೇರಲ. ಬೀಜ ಹಲ್ಲಾಗ ಸಿಕ್ಕೊಂಡಂಗ ಆತು. ಶಿವಲೀಲಾನ ಪೆಟಗಿ ಎಳದ್ನಿ ನೋಡು."

ಬೇರೆ ಹೆಂಡತಿಯಾಗಿದ್ದರೆ ದೇವರಿಗೆ ತುಪ್ಪದ ದೀಪ ಹಚ್ಚುತ್ತಿದ್ದಳು. ನಾನೂ ಹಚ್ಚಿದೆ ಅನ್ನಿ. ಆದರೆ ಬತ್ತಿ ಹೊಸೆಯುವಾಗಲೇ ನನ್ನ ಹೊಟ್ಟೆಯೊಳಗೆ ಇನ್ನೊಂದು ಹೊತ್ತಿಕೊಂಡಿತ್ತು. ನಡುಮನೆ ತುಂಬ ನಾನು ಬೆವರು ಸುರಿಸಿ ನಿಲ್ಲಿಸಿದ ಪೆಟ್ಟಿಗೆಗಳು. ಅವುಗಳಲ್ಲಿ ಒಂದಕ್ಕೂ ಆಗದ್ದು ಆ ಮೂಗಿಗೆ ಆಯಿತೆ? ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ.

ಅಂದಿನಿಂದ ಅವರ ದಾರಿ ಅದೇ ಆಯಿತು. ಅಡತಿಯಿಂದ ಬಂದವರೇ ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಖಾನಾವಳಿಯ ಕಟ್ಟೆಗೆ. ಮೂರು ಪೇರಲ ಒಟ್ಟಿಗೆ ಬಂದು ನಿಲ್ಲುವುದು ನಮ್ಮ ಕೈಯಲ್ಲಿಲ್ಲವಲ್ಲ. ಕೆಲವು ಸಂಜೆ ಬರುತ್ತಿತ್ತು, ಕೆಲವು ಸಂಜೆ ಬರುತ್ತಿರಲಿಲ್ಲ. ಬಂದ ದಿನ ಅವರ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಬರದ ದಿನ ನಾನು ಬಡಿಸಿದ ಅನ್ನ ಅವರ ಬಾಯಲ್ಲಿ ಇನ್ನಷ್ಟು ಮಣ್ಣಾಗುತ್ತಿತ್ತು. ಗಾಲಿಯೊಳಗಿನ ಹಲ್ಲಿಗೆ ಬೆಣೆ ಕೊಟ್ಟು ಬೇಕಾದ ಹಣ್ಣೇ ನಿಲ್ಲುವಂತೆ ಮಾಡಬಲ್ಲವಳು ನಾನು. ಆದರೆ ಹಾಗೆ ನಿಲ್ಲಿಸಿದ ಹಣ್ಣಿಗೆ ಬೂದಿಯ ರುಚಿ ಇರುತ್ತದೆ, ಯಾರೂ ಮಾಡುವುದಿಲ್ಲ.

ನಿಂಗವ್ವ ಒಂದು ದಿನ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಕೇಳಿದಳು: "ಗುರುಬಸಣ್ಣಾರು ಇತ್ತೀಚಿಗೆ ಭಾಳ ಚಂದ ಕಾಣ್ತಾರ ನೋಡ್ರಿ. ಅಂಗಿ ನೀವ ಇಸ್ತ್ರಿ ಮಾಡ್ತೀರೇನು?"

"ನಾನ ಮಾಡ್ತೀನಿ," ಎಂದೆ. "ನಿಮ್ಮ ಮನಿಯವರ ಅಂಗೀನೂ ಕಳಸ್ರಿ, ಅವರೂ ಚಂದ ಕಾಣಲಿ."

ಮಾತಿಗೇನೋ ಉತ್ತರ ಕೊಟ್ಟೆ. ನಿಜ ಹೇಳಬೇಕೆಂದರೆ ಅಂಥ ಸಂಬಂಧ ಏನೂ ಇಲ್ಲವೆಂದು ನನಗೆ ಗೊತ್ತಿತ್ತು. ಶಿವಲೀಲಾ ಅವರನ್ನು ಅಣ್ಣಾರ ಎನ್ನುತ್ತಾಳೆ, ನನ್ನನ್ನು ಅತ್ತಿಗೆಯೆಂದು ವೈನಿ ಎನ್ನುತ್ತಾಳೆ. ಅದರಿಂದ ನನಗೇನೂ ಸಮಾಧಾನವಾಗಲಿಲ್ಲ. ಅಂಥದ್ದೇನಾದರೂ ಇದ್ದಿದ್ದರೆ ಪೊರಕೆ ಹಿಡಿದು ಹೋಗಿ ಎಳೆದುಕೊಂಡು ಬರುತ್ತಿದ್ದೆ, ಓಣಿಯೂ ನನ್ನ ಕಡೆ ಇರುತ್ತಿತ್ತು. ಪೇರಲ ಹಣ್ಣಿನ ಮೇಲೆ ಪೊರಕೆ ಎತ್ತುವುದು ಹೇಗೆ? ಒಂದು ಸಂಜೆ ಮರೆಯಲ್ಲಿ ನಿಂತು ನೋಡಿದೆ. ಕಟ್ಟೆಯ ಈ ತುದಿಗೆ ಇವರು, ಆ ತುದಿಗೆ ಆಕೆ. ಮಾತಿಲ್ಲ ಕತೆಯಿಲ್ಲ. ಗಾಲಿ ನಿಂತಿತು. ಇವರು ಕಣ್ಣು ಮುಚ್ಚಿದರು. ನನ್ನ ಪುಂಡಿಪಲ್ಲೆಗೆ ಮುಚ್ಚುತ್ತಿದ್ದರಲ್ಲ, ಅದೇ ಮುಚ್ಚುವಿಕೆ. ನನಗೆ ಮೈಯೆಲ್ಲ ಉರಿದುಹೋಯಿತು.

ಮೂಗಿ ಒಂದು ದಿನ ಕೆಟ್ಟು ನಿಂತಿತು. ನಾನೇನೂ ಹರಕೆ ಹೊತ್ತಿರಲಿಲ್ಲ, ಸ್ಪ್ರಿಂಗು ಹಳೆಯದಾಗಿತ್ತು, ಮುರಿಯಿತು. ಇಡೀ ಊರಿನಲ್ಲಿ ಅದನ್ನು ಸರಿಮಾಡುವವಳು ನಾನೊಬ್ಬಳೇ. ಶಿವಲೀಲಾ ಕೈಗಾಡಿಯಲ್ಲಿ ಹಾಕಿಸಿಕೊಂಡು ತಾನೇ ಬಂದಳು. ಇವರು ಅಡತಿಗೆ ಹೋಗಿದ್ದರು.

"ವೈನಿ, ನಿಮ್ಮ ಕೈಯಾಗ ಕೊಟ್ಟೀನಿ," ಎಂದಳು. "ನಿಮಗ ತಿಳಿದಂಗ ಚಂದ ಮಾಡ್ರಿ. ಅಣ್ಣಾರಿಗೆ ಅದೊಂದ ಆಸರ ಐತಿ."

ನನ್ನ ಗಂಡನ ಆಸರೆಯ ವಿಷಯ ನನಗೇ ಹೇಳಿಕೊಡುತ್ತಾಳೆ.

ಪೆಟ್ಟಿಗೆ ಬಿಚ್ಚಿ ಹರಡಿಕೊಂಡು ಕೂತೆ. ಒಳಗಿನ ಕಬ್ಬಿಣ ಬಹಳ ಒಳ್ಳೆಯದಿತ್ತು, ನನ್ನ ಯಾವ ಪೆಟ್ಟಿಗೆಯಲ್ಲೂ ಅಂಥ ಎರಕ ಇಲ್ಲ. ಗುಟ್ಟು ಇಲ್ಲಿಯೇ ಇದೆ ಎಂದುಕೊಂಡೆ. ಬರೆದವರ ನಾಲಿಗೆಯ ರುಚಿ ಎಂದಾದರೆ ಓಣಿಗೆಲ್ಲ ಬೀಳಬೇಕಿತ್ತು. ಓಣಿಗೆ ಬೀಳದೆ ಇವರೊಬ್ಬರಿಗೇ ಬೀಳುತ್ತದೆಂದರೆ ಅದು ಬಣ್ಣದ ಗುಣವಲ್ಲ, ಕಬ್ಬಿಣದ ಗುಣ. ಸತ್ತ ನಾಲಿಗೆಯವರೆಗೆ ಮುಟ್ಟುವ ಶಕ್ತಿ ಈ ಕಬ್ಬಿಣಕ್ಕಿದೆ. ಇದರ ಮೇಲೆ ನನ್ನ ಕೈಯ ಪೇರಲ ಇದ್ದರೆ? ಯಾರೋ ಬರೆದ ಈ ಬದನೆಕಾಯಿಯನ್ನೇ ಚಪ್ಪರಿಸುವ ಮನುಷ್ಯ ನನ್ನ ಪೇರಲಕ್ಕೆ ಏನು ಮಾಡಿಯಾರು? ಅವರು ಖಾನಾವಳಿಯ ಕಟ್ಟೆಯ ಮೇಲೇ ಕೂತಿರಲಿ, ಬಾಯಲ್ಲಿ ಇರುವುದು ನಾನಾಗಿರುತ್ತೇನೆ. ಚಂದ ಮಾಡಿ ಎಂದು ಒಡತಿಯೇ ಹೇಳಿ ಹೋಗಿದ್ದಾಳೆ, ಇನ್ನು ತಪ್ಪೆಲ್ಲಿ ಬಂತು.

ಪೇರಲ ತಂದೆ. ಕಾಯಿ, ದೋರೆ, ಹಣ್ಣು, ಕೆಂಪು ತಿರುಳಿನದು, ಬಿಳಿ ತಿರುಳಿನದು, ಎಲ್ಲವನ್ನೂ ತಿಂದೆ. ಹೊಟ್ಟೆ ಕಟ್ಟಿಕೊಂಡು ಒದ್ದಾಡಿದೆ. ಆಮೇಲೆ ಹಳೆಯ ಬಣ್ಣದ ಮೇಲೆಯೇ ಬರೆಯಲು ಕೂತೆ. ತೊಟ್ಟಿನ ಹತ್ತಿರ ಹಸಿರು, ಬಿಸಿಲು ಬಿದ್ದ ಮಗ್ಗುಲಿಗೆ ತುಸು ಹಳದಿ, ಗಿಳಿ ಕಚ್ಚಿದ ಕಡೆ ಒಳಗಿನ ಕೆಂಪು ಒಂದಿಷ್ಟು ಕಾಣುವ ಹಾಗೆ. ಅಂಥ ಪೇರಲ ನಾನು ಹಿಂದೆ ಬರೆದಿರಲಿಲ್ಲ. ಮುಗಿಸಿ ಕುಂಚ ಕೆಳಗಿಟ್ಟಾಗ ನನಗೇ ಬಾಯಲ್ಲಿ ನೀರು ಬಂತು.

ಪೆಟ್ಟಿಗೆ ಕಟ್ಟೆಗೆ ಮರಳಿದ ಸಂಜೆ ಓಣಿಯೆಲ್ಲ ಸೇರಿತ್ತು. ದಾಕ್ಷಾಯಣಿ ಮೂಗಿಗೆ ಮಾತು ಬರಿಸಿದ್ದಾಳಂತೆ ಎಂದು ಸುದ್ದಿ ಹಬ್ಬಿತ್ತು, ಹಬ್ಬಿಸಿದವಳು ನಾನೇ. ಯಾರ್ಯಾರೋ ಎಳೆದರು. ಕೊನೆಗೆ ಹುಸೇನ್ ಸಾಬರ ಕೈಗೆ ಮೂರು ಪೇರಲ ಬಂದು ನಿಂತವು.  ಓಣಿಯವರೆಲ್ಲ ಒಟ್ಟಿಗೆ ಹಾ ಎಂದರು. ನಿಂಗವ್ವ ಕೂಡ ಬೆರಳು ಚೀಪಿಕೊಂಡಳು. "ಬೆಹನ್, ಇದು ಹಣ್ಣಲ್ಲ, ತೋಟಾನ ಬಾಯಾಗ ಬಂತು," ಎಂದರು ಸಾಬರು.

ನಾನು ಸಾಬರನ್ನು ನೋಡಲಿಲ್ಲ, ಇವರನ್ನು ನೋಡಿದೆ. ಕಣ್ಣು ಮುಚ್ಚಿಕೊಂಡು ಕೂತಿದ್ದರು. ಕಾಯುತ್ತಿದ್ದರು. ಎಲ್ಲರ ಬಾಯಲ್ಲೂ ಬಂದು ಹೋದ ಮೇಲೂ ಕಾಯುತ್ತಲೇ ಇದ್ದರು. ಆಮೇಲೆ ಕಣ್ಣು ತೆರೆದು ಗಾಜಿನ ಹತ್ತಿರ ಹೋಗಿ ಬಗ್ಗಿ ನೋಡಿದರು.

"ಬಣ್ಣ ಹಚ್ಚಿದೇನು?" ಎಂದು ಕೇಳಿದರು.

"ಹಚ್ಚಿದೆ. ಚಂದ ಮಾಡಂದ್ಲು ಆಕಿ."

"ಚಂದ ಆಗೇತಿ," ಎಂದರು. ಉಪ್ಪಿಲ್ಲದ ಸಾರಿಗೆ ಚಲೋ ಆಗೇತಿ ಎಂದಿದ್ದ ಅದೇ ದನಿ. ಶಿವಲೀಲಾ ಒಳಗೆ ಹೋದಳು.

ಅವತ್ತಿನಿಂದ ಇವರು ಎಲ್ಲಿಗೂ ಹೋಗಲಿಲ್ಲ. ಅಡತಿಯಿಂದ ಸೀದಾ ಮನೆಗೆ ಬರುವುದು, ನಡುಮನೆಯ ಗೋಡೆಗೆ ಒರಗುವುದು. ಬೈಯಲಿಲ್ಲ, ಮುಖ ತಿರುಗಿಸಲಿಲ್ಲ. ಇಸ್ತ್ರಿ ಅಂಗಿ ಟ್ರಂಕಿನಲ್ಲೇ ಉಳಿಯಿತು. ಗಂಡ ಮನೆಯಲ್ಲಿರಲಿ ಎಂದು ತಾನೆ ನಾನು ಬಯಸಿದ್ದು, ಇಗೋ ಇದ್ದಾರೆ. ಎರಡು ರೊಟ್ಟಿ ಇದ್ದದ್ದು ಒಂದಾಯಿತು, ಒಂದು ಅರ್ಧವಾಯಿತು. "ಇನ್ನೊಂದು ಚೂರು ಉಣ್ರಿ" ಎಂದರೆ, "ಅಗದು ಅಗದು ದವಡಿ ನೋಯ್ತಾವ" ಎನ್ನುತ್ತಿದ್ದರು. ಅವರ ಕೊರಳ ಎಲುಬು ಎದ್ದು ಕಾಣತೊಡಗಿತು. ಹೀಗೇ ಬಿಟ್ಟರೆ ಈ ಮನುಷ್ಯ ಉಣ್ಣುವುದನ್ನೇ ಮರೆತು ಹೋಗಿಬಿಡುತ್ತಾರೆ ಎಂದು ನನಗೆ ದಿಗಿಲಾಯಿತು.

ಮಧ್ಯಾಹ್ನದ ಪಂಕ್ತಿ ಎದ್ದ ಮೇಲೆ ಖಾನಾವಳಿಗೆ ಹೋದೆ. ಶಿವಲೀಲಾ ಸಂಜೆಯ ಪಲ್ಲೆಗೆ ಮಸಾಲೆ ಕೂಡಿಸುತ್ತಿದ್ದಳು. ಉಪ್ಪನ್ನು ಒಂದು ಕರಟದಲ್ಲಿ ಅಳೆದು, ಬೆರಳಿನಿಂದ ತಲೆ ಸಮ ಮಾಡಿ ಹಾಕಿದಳು. ಹುಳಿಯನ್ನೂ ಹಾಗೆಯೇ. ಸೌಟು ಬಾಯಿಯ ಹತ್ತಿರಕ್ಕೂ ಹೋಗಲಿಲ್ಲ.

"ಮೂಗಿ ಮ್ಯಾಲಿನ ಹಳೇ ಬಣ್ಣ ಯಾರದು?" ಎಂದು ಕೇಳಿದೆ. ಕೇಳುವ ರೀತಿ ಒರಟಾಗಿಯೇ ಇತ್ತು.

"ನಂದ ವೈನಿ."

"ಹಂಗಾದ್ರ ಓಣಿಗೆ ಯಾಕ ಬೀಳ್ತಿದ್ದಿಲ್ಲ?"

ಆಕೆ ಕೈ ತೊಳೆದುಕೊಂಡು ಎದುರಿಗೆ ಕೂತಳು. "ನಾನೂ ಒಂದು ಜ್ವರದಾಗ ನಾಲಿಗಿ ಕಳಕೊಂಡಾಕಿ. ಖಾನಾವಳಿ ಸುರು ಮಾಡೂಕಿಂತ ಮೊದ್ಲ. ಯಾರಿಗೆ ಹೇಳ್ಲಿ? ರುಚಿ ಗೊತ್ತಿಲ್ದಾಕಿ ಕೈಯಾಗ ಯಾರು ಉಣ್ತಾರ? ಅಳತಿ ಹಿಡದು ಮಾಡ್ತೀನಿ. ಪೇರಲ ಹೆಂಗಿತ್ತು, ಹೆಂಗಿತ್ತು ಅಂತ ನೆನಸಿಕೋತ ನೆನಸಿಕೋತ ಆ ಪಟ್ಟಿ ಬರದೆ. ನಾಲಿಗಿ ಹೋದ ಮ್ಯಾಲೆ ಬರದದ್ದು ನೋಡ್ರಿ, ನಾಲಿಗಿ ಇದ್ದವರಿಗೆ ಹತ್ತಲಿಲ್ಲ. ನನಗ ಹತ್ತತಿತ್ತು. ಅಂಗಡಿ ಮುಚ್ಚಿ ಒಬ್ಬಾಕಿ ಎಳಕೊಂಡು ಕೂಡ್ತಿದ್ದೆ."

ಉಪ್ಪಿನ ಕರಟ ಪಕ್ಕಕ್ಕೆ ಸರಿಸಿ ಮತ್ತೆ ಹೇಳಿದಳು. "ಅಣ್ಣಾರಿಗೆ ಬಂದ ದಿನ ನಾ ಒಳಗ ತೊಳದ ಭಾಂಡೆ ಬೋರಲ ಹಾಕಾಕತ್ತಿದ್ದೆ. ನನ್ನ ಬಾಯಾಗೂ ಪೇರಲ ಬಂತು. ಹೊರಗ ಬಂದು ನೋಡಿದ್ರ ಅವರು ಕಣ್ಣು ಮುಚ್ಚಿಕೊಂಡು ಕುಂತಾರ. ಇಷ್ಟು ವರ್ಷದ ಮ್ಯಾಲೆ ಇನ್ನೊಬ್ರು ಸಿಕ್ರಲ್ಲ ಅನಿಸ್ತು ನನಗ."

ಆಕೆಗೆ ಪಾಪ ಎನ್ನಬೇಕಿತ್ತು ನಾನು. ಅನ್ನಿಸಲಿಲ್ಲ. ಕೂತಲ್ಲೇ ಕಿಚ್ಚು ನೆತ್ತಿಗೇರಿತು. ಅವರಿಬ್ಬರ ನಡುವೆ ಇರುವುದು ಅ ಎಂದರೆ ಆ ಎನ್ನುವಂಥ ಒಂದು ಜಾಗ. ನನಗಿರುವ ಚುರುಕು ನಾಲಿಗೆ, ಊರೆಲ್ಲ ಹೊಗಳುವ ನಾಲಿಗೆ, ಅದೇ ನನ್ನನ್ನು ಆ ಜಾಗದ ಬಾಗಿಲಲ್ಲಿ ತಡೆದು ನಿಲ್ಲಿಸುತ್ತದೆ. ನಾನು ತಲೆಕೆಳಗಾಗಿ ನಿಂತರೂ ಆ ಪೇರಲ ನನಗೆ ಹತ್ತುವುದಿಲ್ಲ. ನನಗೂ ಒಂದು ಜ್ವರ ಬರಬಾರದೇ ಎಂದು ಆ ಕ್ಷಣ ಮನಸಾರೆ ಬಯಸಿದೆ.

"ಬಣ್ಣ ಹಚ್ಚೂಕಿಂತ ಮೊದ್ಲ ಹೇಳಬಾರದಾಗಿತ್ತೇನು?" ಎಂದೆ.

"ನೀವು ಹಚ್ಚತೀರಿ ಅಂತ ಗೊತ್ತಿರಲಿಲ್ಲ. ಹಚ್ಚಿದ ಮ್ಯಾಲೆ ಏನ್ ಹೇಳೂದು. ಓಣಿ ಮಂದಿ ಅಷ್ಟು ಖುಷಿ ಆಗಿದ್ರು." ತಲೆ ತಗ್ಗಿಸಿ ಸೆರಗಿನ ತುದಿ ತಿರುವಿದಳು. "ಹೊಸಾದು ಬರಿಯಾಕ ಕುಂತೆ ವೈನಿ. ಬರೂದಿಲ್ಲ. ಈಗ ನೆನಪೂ ಹೋಗೇತಿ."

ನಾನು ಎದ್ದು ಕಟ್ಟೆಗೆ ಹೋಗಿ, ಕೇಳದೆ ಪೆಟ್ಟಿಗೆಯ ಬೆನ್ನು ಬಿಚ್ಚಿ ಮೂರೂ ಗಾಲಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆ.

ಹಳೆಯ ಬಣ್ಣ ವರ್ಷಗಟ್ಟಲೆ ಒಣಗಿ ಕಲ್ಲಾಗಿರುತ್ತದೆ. ಮೇಲಿನ ಹೊಸ ಬಣ್ಣ ಮುಟ್ಟಲು ಒಣಗಿದಂತಿದ್ದರೂ ಒಳಗೆ ಹಸಿ ಇರುತ್ತದೆ. ಟರ್ಪೆಂಟೈನಿನಲ್ಲಿ ಅದ್ದಿದ ಅರಳೆಯಿಂದ ಮೆಲ್ಲಗೆ ಒರೆಸಿದರೆ ಮೇಲಿನದು ಏಳುತ್ತದೆ, ಕೆಳಗಿನದು ಉಳಿಯುತ್ತದೆ. ಅವಸರ ಮಾಡಿದರೆ ಎರಡೂ ಹೋಗುತ್ತವೆ. ಮರುದಿನ ಬೆಳಗಿನ ಬಿಸಿಲಿಗೆ ಹಿತ್ತಲಲ್ಲಿ ಕೂತು ಒರೆಸಿದೆ. ಗಿಳಿ ಕಚ್ಚಿದ ಕೆಂಪು ಮೊದಲು ಹೋಯಿತು, ಆಮೇಲೆ ಬಿಸಿಲಿನ ಹಳದಿ, ಆಮೇಲೆ ಹಸಿರು. ನನ್ನ ಜನ್ಮದ ಒಳ್ಳೆಯ ಪೇರಲವೆಲ್ಲ ಕೊಳಕು ಅರಳೆಯ ಉಂಡೆಗಳಾಗಿ ಪಕ್ಕದಲ್ಲಿ ರಾಶಿ ಬಿತ್ತು. ಕೆಳಗಿನಿಂದ ಆಕೆಯ ಬದನೆಕಾಯಿ ಎದ್ದು ಬಂತು. ಸೊಟ್ಟ ತೊಟ್ಟು, ಒಂದು ಮಗ್ಗುಲು ಊದಿದ್ದು. ಎಷ್ಟು ಸಲ ಬರೆದು ಅಳಿಸಿ ಮತ್ತೆ ಬರೆದಿದ್ದಳೋ, ಬಣ್ಣ ಗಟ್ಟಿಯಾಗಿ ಉಬ್ಬಿ ನಿಂತಿತ್ತು. ಕೈ ಜಾರಿತು ಎಂದು ಇದನ್ನೂ ಒರೆಸಿಬಿಟ್ಟರೆ ಕೇಳುವವರು ಯಾರು ಎಂದು ಒಂದು ಸಲ ಯೋಚನೆ ಬಂತು. ಬರಲಿಲ್ಲ ಎಂದರೆ ಯಾರು ನಂಬುತ್ತಾರೆ. ಅರಳೆ ಬದಲಾಯಿಸಿಕೊಂಡು ಇನ್ನೂ ಮೆಲ್ಲಗೆ ಒರೆಸಿದೆ.

ಗಾಲಿಗಳನ್ನು ಪೆಟ್ಟಿಗೆಗೆ ಮರಳಿ ಕೂರಿಸಿ ಬಂದು, ಇಳಿಹೊತ್ತಿಗೆ ಇವರನ್ನು ಎಬ್ಬಿಸಿದೆ. "ಅಂಗಿ ಹಾಕ್ಕೊಳ್ರಿ, ಖಾನಾವಳಿಗೆ ಹೋಗೂಣು." ಯಾಕೆ ಎಂದು ಕೇಳಲಿಲ್ಲ, ಇಸ್ತ್ರಿ ಅಂಗಿ ನಾನೇ ತೆಗೆದು ಕೊಟ್ಟೆ. ಕಟ್ಟೆಯ ಮೇಲೆ ನಾವು ಮೂವರೇ ಇದ್ದೆವು. ಹೊಸ ಬಣ್ಣ ಒರೆಸಿ ಮೂಗಿಯನ್ನು ಮತ್ತೆ ಮೂಗಿ ಮಾಡಿದ್ದು ಆಗಲೇ ಓಣಿಗೆ ಗೊತ್ತಾಗಿ, ದಾಕ್ಷಾಯಣಿಗೆ ತಲೆ ಕೆಟ್ಟಿದೆ ಎಂದು ಬೈದುಕೊಂಡು ಜನ ಯಾರೂ ಆ ಕಡೆ ಬಂದಿರಲಿಲ್ಲ. ಮೊದಲು ಇವರು ಎಳೆದರು, ಬರಲಿಲ್ಲ. ಶಿವಲೀಲಾ ಎಳೆದಳು, ಎರಡು ಪೇರಲ ಒಂದು ನಿಂಬೆ. ಸುತ್ತಿ ಸುತ್ತಿ ಎಳೆದರು. ಸಂಜೆಯ ಒಲೆ ಹೊತ್ತುವ ಹೊತ್ತು ಹತ್ತಿರ ಬಂತು.

"ವೈನಿ, ನೀವು ಎಳೀರಿ," ಎಂದಳು ಆಕೆ.

ಎಳೆದೆ. ಟಕ್ ಎಂದು ಒಂದು ಪೇರಲ, ಟಕ್ ಎಂದು ಇನ್ನೊಂದು. ಮೂರನೆಯದು ಹೋಗುತ್ತೇನೆ ಹೋಗುತ್ತೇನೆ ಎಂದು ಹೋಗದೆ ನಿಂತಿತು. ಅವರಿಬ್ಬರೂ ಒಟ್ಟಿಗೆ ಕಣ್ಣು ಮುಚ್ಚಿದರು. ಇವರ ಗಂಟಲು ಆಡಿತು, ಕೆನ್ನೆಗೆ ಬಣ್ಣ ಬಂತು. ನನ್ನ ಬಾಯಲ್ಲಿ ಮಧ್ಯಾಹ್ನ ಹಾಕಿಕೊಂಡಿದ್ದ ಅಡಿಕೆಯ ಒಗರು ಬಿಟ್ಟರೆ ಏನೂ ಇರಲಿಲ್ಲ.

ಇವರು ಕಣ್ಣು ತೆರೆದು ಶಿವಲೀಲಾಳ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದರು. "ನಿನಗೂ ಬಂತೇನು?" ಎಂದು ಕೇಳಿದರು. ಚಿಕ್ಕ ಮಕ್ಕಳು ತಮ್ಮ ತಿಂಡಿ ಕೊಟ್ಟು ಕೇಳುತ್ತಾರಲ್ಲ, ಹಾಗೆ ಕೇಳಿದರು.

ಮದುವೆಯಾದಾಗಿನಿಂದ ಉಪ್ಪು ಖಾರದ ವಿಷಯದಲ್ಲಿ ನಾನು ಅವರಿಗೆ ಸುಳ್ಳು ಹೇಳಿದವಳಲ್ಲ. "ಬಂತು," ಎಂದೆ. ಬರೀ ಬಂತು ಎಂದರೆ ನಂಬುವುದಿಲ್ಲವೇನೋ ಎನಿಸಿ ಮತ್ತೊಂದು ಮಾತು ಸೇರಿಸಿದೆ. "ಉಪ್ಪು ಒಂದೀಟು ಜಾಸ್ತಿ ಆಗೇತಿ." ಉಪ್ಪು ಹಚ್ಚದೆ ಪೇರಲ ತಿನ್ನುವವರು ಯಾರಿದ್ದಾರೆ ಎಂಬ ಧೈರ್ಯ ನನ್ನದು.

ಅವರ ಹುಬ್ಬು ಗಂಟಾಯಿತು. "ಉಪ್ಪು? ಇದರಾಗ ಉಪ್ಪ ಇಲ್ಲಲ್ಲ."

ನನ್ನ ಕೈ ಹಿಡಿಯ ಮೇಲೆ ಹಾಗೇ ನಿಂತಿತು. 

"ಐತಿ ಅಣ್ಣಾರ," ಎಂದಳು ಶಿವಲೀಲಾ, ಕಣ್ಣು ತೆರೆಯದೆಯೇ. "ಒಂದೀಟು ಜಾಸ್ತೀನ ಬಿದ್ದೈತಿ. ಬರದಾಕಿ ನಾನಲ್ಲೇನು. ವೈನಿ ನಾಲಿಗಿ ಸೂಕ್ಷ್ಮ, ಹಿಡದ್ರು. ನಿಮಗ ಇನ್ನೂ ಅಷ್ಟು ತಿಳಿಯಂಗಿಲ್ಲ."

ಇವರು ಮತ್ತೆ ಬಾಯಿ ಚಪ್ಪರಿಸಿದರು. ನಾಲಿಗೆಯನ್ನು ಹಲ್ಲಿನ ಸಂದಿಯಲ್ಲೆಲ್ಲ ಆಡಿಸಿ ಹುಡುಕಿದರು. "ಹೂಂ," ಎಂದರು. "ಐತಿ ನೋಡು. ನೀ ಹೇಳಿದ ಮ್ಯಾಲೆ ಹತ್ತಿತು." ನಕ್ಕು ನನ್ನ ತೊಡೆಯ ಮೇಲೆ ಒಂದು ಪೆಟ್ಟು ಕೊಟ್ಟರು. ಜ್ವರ ಬಂದಾಗಿನಿಂದ ಅವರು ನಕ್ಕದ್ದು ಅದೇ ಮೊದಲು.

ಆ ಪೇರಲದಲ್ಲಿ ಉಪ್ಪಿನ ಕಣವೂ ಇಲ್ಲವೆಂದು ಆಕೆಗೆ ಗೊತ್ತು, ನನಗೂ ಗೊತ್ತು. ಇಷ್ಟು ವರ್ಷ ಕಾಪಾಡಿಕೊಂಡಿದ್ದ ಒಂದೇ ಒಂದು ರುಚಿಗೆ ಆಕೆ ನನಗಾಗಿ ಉಪ್ಪು ಬೆರೆಸಿದಳು. ಬೇರೆಯವಳಾಗಿದ್ದರೆ ಆಕೆಯ ಕಾಲಿಗೆ ಬೀಳುತ್ತಿದ್ದಳು. ನನಗೆ ಬಂದದ್ದು ಮತ್ತದೇ ಹೊಟ್ಟೆಕಿಚ್ಚು, ಅದೂ ಹಿಂದೆಂದೂ ಇಲ್ಲದಷ್ಟು. ಆಕೆಯ ಜಾಗದಲ್ಲಿ ನಾನಿದ್ದಿದ್ದರೆ ಹಾಗೆ ಹೇಳುತ್ತಿರಲಿಲ್ಲ. ಪೇರಲ ಹೇಗೋ ಆಕೆಯ ಪಾಲಾಗಿತ್ತು, ಈ ಗುಣವೂ ಆಕೆಯ ಪಾಲಿಗೇ ಹೋಗಬೇಕಿತ್ತೇ? ಓಣಿಯಲ್ಲಿ ಒಂದೊಂದಾಗಿ ಒಲೆಗಳು ಹೊತ್ತತೊಡಗಿದವು. ಹಿಡಿಗೆ ಬಟ್ಟೆ ಕಟ್ಟುವಾಗ ಆಕೆಯ ಮುಖ ನೋಡದೆ ಹೇಳಿದೆ: "ನಾಳೆನೂ ಬರ್ತೀನಿ."